ಅರೆಮಾತ್ರೆ ತಡ

ಎಳ್ಳುಕಾಳಿಗಿಂತ ಚಿಕ್ಕದಾದ ಒಂದು ಸ್ಕ್ರೂ ಬೆಳಿಗ್ಗೆ ಹತ್ತೂಕಾಲಿಗೆ ಚಿಮಟದ ತುದಿಯಿಂದ ಹಾರಿಹೋಯಿತು. ಆ ದಿನ ಆದದ್ದೆಲ್ಲ ಅಲ್ಲಿಂದಲೇ ಶುರುವಾದದ್ದು.

ಸ್ಕ್ರೂ ತಾನಾಗಿ ಹಾರಲಿಲ್ಲ. ಮೊದಲನೇ ಮಹಡಿಯಲ್ಲಿ ಇಪ್ಪತ್ತು ಮಂದಿ ಇಪ್ಪತ್ತು ಬಲಗಾಲುಗಳನ್ನು ಒಂದೇ ಏಟಿಗೆ ನೆಲಕ್ಕೆ ಅಪ್ಪಳಿಸಿದರು. ಅವರ ನೆಲವೇ ವಾಚಣ್ಣನ ಸೂರು. ಸೂರು ನಡುಗಿತು, ಸೂರಿಗೆ ತೂಗಿದ್ದ ದೀಪ ನಡುಗಿತು, ದೀಪದ ಕೆಳಗಿನ ಬೆಂಚು ನಡುಗಿತು, ಬೆಂಚಿನ ಮೇಲೂರಿದ್ದ ಮೊಣಕೈ ನಡುಗಿತು. ಕಾವ್ಯ ಓದುವವರು ಪದ್ಯದ ಒಂದೊಂದೇ ಸಾಲು ಇಳಿಯುತ್ತ ಬಂದು ಕೊನೆಯ ಪದವನ್ನು ಎಸೆದುಬಿಡುವ ಹಾಗೆ, ನಡುಕ ಇಳಿಯುತ್ತ ಬಂದು ಚಿಮಟದ ತುದಿಯಲ್ಲಿ ಸ್ಕ್ರೂವನ್ನು ಎಸೆದುಬಿಟ್ಟಿತು.

ವಾಚಣ್ಣ ಗಡಿಯಾರ ರಿಪೇರಿಯವನು. ಒಂದರ ತಲೆಯ ಮೇಲೊಂದು ಕೂತ ನಾಲ್ಕೇ ನಾಲ್ಕು ಮನೆಗಳ ಆ ಕಟ್ಟಡದಲ್ಲಿ ನೆಲದ ಮನೆ ಅವನದು. ಮುಂಭಾಗದ ಹಾಲಿನ ಕಿಟಕಿಯ ಪಕ್ಕದ ಬೆಂಚೇ ಅಂಗಡಿ. ಸಂಸಾರದಲ್ಲಿ ಎಲ್ಲರ ಹಾಗೆ ಅವನೂ ಅಷ್ಟೋ ಇಷ್ಟೋ ಸುಳ್ಳು ಹೇಳಿಕೊಂಡು ಬಂದವನೇ. ಆದರೆ ಸರಿಯಾಗದ ಗಡಿಯಾರಕ್ಕೆ ‘ಸರಿಯಾಯ್ತು’ ಎನ್ನುವ ಮಾತು ಮಾತ್ರ ಅವನ ಗಂಟಲು ದಾಟುತ್ತಿರಲಿಲ್ಲ. ದಿನಕ್ಕೆ ಎರಡು ಸೆಕೆಂಡು ಹಿಂದೆ ಬೀಳುತ್ತಿದ್ದ ವಾಚನ್ನು, ತನ್ನ ಮದುವೆಗೇ ಹೊರಟು ನಿಂತಿದ್ದ ಗಿರಾಕಿಯ ಮಣಿಕಟ್ಟಿನಿಂದ ಬಿಚ್ಚಿಕೊಂಡು, “ಇನ್ನೂ ಆಗಿಲ್ಲ, ಬರೀಗೈಲಿ ಹೋಗಪ್ಪ” ಎಂದು ಕಳಿಸಿದ್ದ ಮಹಾನುಭಾವ.

ಈಗ ಬೆಂಚಿನ ಮೇಲಿದ್ದದ್ದು ನಿವೃತ್ತ ಸ್ಟೇಷನ್ ಮಾಸ್ಟರರ ಜೇಬುಗಡಿಯಾರ. ಹನ್ನೊಂದು ದಿನ ಅದರ ಹೊಟ್ಟೆ ಬಿಚ್ಚಿ, ಒಂದೊಂದೇ ಚಕ್ರ ತೊಳೆದು, ಒರೆಸಿ, ಕೂರಿಸಿ, ಕೊನೆಗೆ ಉಳಿದಿದ್ದದ್ದು ತೂಗುಚಕ್ರವನ್ನು ಹಿಡಿದಿಡುವ ಇದೊಂದೇ ಸ್ಕ್ರೂ. ಆ ಜಾತಿಯ ಸ್ಕ್ರೂ ಮಾಡುವ ಕಾರ್ಖಾನೆ ಮುಚ್ಚಿ ವಾಚಣ್ಣನ ವಯಸ್ಸಿನಷ್ಟು ವರ್ಷವಾಗಿತ್ತು. ಸ್ಟೇಷನ್ ಮಾಸ್ಟರರು ರಾತ್ರಿ ಎಂಟಕ್ಕೆ ಬಂದು ಗಡಿಯಾರ ತೆಗೆದುಕೊಂಡು, ಒಂಬತ್ತರ ರೈಲಿಗೆ ಮಗಳ ಊರಿಗೆ ಹೋಗುವವರು.

“ಆಗ್ದಿದ್ರೆ ಬೇಜಾರು ಮಾಡ್ಕೋಬೇಡಪ್ಪ,” ಎಂದಿದ್ದರು ಅವರು ಒಳ್ಳೆಯ ಮನಸ್ಸಿನಿಂದಲೇ. “ಮಗಳ ಊರಲ್ಲಿ ದೊಡ್ಡ ಅಂಗಡಿ ಇದೆಯಂತೆ. ಒಳಗಿನ ಚಕ್ರಗಿಕ್ರ ಎಲ್ಲ ತೆಗೆದು ಎಸೆದು ಬ್ಯಾಟರಿ ಕೂರಿಸಿ ಕೊಡ್ತಾರಂತೆ. ಹತ್ತೇ ನಿಮಿಷ.”

ಆ ಮಾತು ಕೇಳಿದ ರಾತ್ರಿ ವಾಚಣ್ಣ ಊಟ ಬಿಟ್ಟಿದ್ದ.

“ರೀ, ಏನ್ರೀ ಅದು, ನೆಲದ ಮೇಲೆ ಹರಿದಾಡ್ತಿದ್ದೀರಿ?” ಅಡುಗೆಮನೆಯಿಂದ ಬಂದ ಹೆಂಡತಿ ಕೇಳಿದಳು.

“ಸ್ಕ್ರೂ.”

“ಗುಡಿಸ್ಕೊಡ್ಲಾ?”

“ಪೊರಕೆ ಮುಟ್ಟಿದ್ರೆ ನೋಡು! ಅಲ್ಲೇ ನಿಲ್ಲು. ಉಸಿರು ಬಿಡಬೇಡ.”

“ಬಿಡದೆ ಹೇಗ್ರೀ ಇರ್ಲಿ? ಮೊದಲು ಆ ಹಿಮ್ಮಡಿ ನೋಡ್ಕೊಳ್ಳಿ, ಒಡೆದು ಬೀದಿ ಬೀದಿಯಾಗಿದೆ. ಮುಲಾಮು ಹಚ್ಕೊಳ್ಳಿ ಅಂತ ಹೇಳಿ ಹೇಳಿ ಸಾಕಾಯ್ತು.”

ಹಿಮ್ಮಡಿಯ ಮಾತು ಕೇಳುವ ಸ್ಥಿತಿಯಲ್ಲಿ ವಾಚಣ್ಣ ಇರಲಿಲ್ಲ. ಕಣ್ಣಿಗೆ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದೂವರೆ ಗಂಟೆ ಬರಿಗಾಲಲ್ಲಿ ಮನೆಯೆಲ್ಲ ಸುತ್ತಿದ. ಎರಡು ಸಾಸಿವೆ, ಒಂದು ಇರುವೆ, ಹೆಂಡತಿ ಹೋದ ವರ್ಷ ಕಳೆದುಕೊಂಡಿದ್ದ ಮೂಗುಬೊಟ್ಟಿನ ತಿರುಪು ಸಿಕ್ಕವು. ಸ್ಕ್ರೂ ಸಿಗಲಿಲ್ಲ. ಅಷ್ಟು ಹೊತ್ತೂ ಮೇಲೆ ‘ತೈಯಾ ತೈ, ತೈಯಾ ತೈ’ ನಡೆದೇ ಇತ್ತು.

ಮೊದಲನೇ ಮಹಡಿಯ ಡಾನ್ಸ್ ಟೀಚರ್ ಮೆಟ್ಟಿಲ ಬಳಿ ಒಂದು ಬೋರ್ಡು ಹಾಕಿಸಿದ್ದಳು: ‘ಅರಿವಿನ ಚಲನೆ. ಯೋಗ ಮತ್ತು ಭರತನಾಟ್ಯ. ಮನಸ್ಸಿಗೆ ಮೌನ, ದೇಹಕ್ಕೆ ಲಯ.’ ಮೇಲಿನವರ ಮನಸ್ಸಿನ ಮೌನಕ್ಕೆ ಕೆಳಗಿನವರ ನೆತ್ತಿಯ ಮೇಲೆ ಗುದ್ದಬೇಕೆಂದು ಯಾವ ಶಾಸ್ತ್ರ ಹೇಳಿದೆಯೋ ವಾಚಣ್ಣನಿಗೆ ತಿಳಿಯದು. ಅವತ್ತು ಮಾತ್ರ ತಾಳ್ಮೆಯ ಸ್ಪ್ರಿಂಗು ಕಡಿದೇಹೋಯಿತು. ಬೋರ್ಡನ್ನು ದುರುಗುಟ್ಟಿ ನೋಡಿ, ಟೀಚರ್ ಮನೆ ದಾಟಿ, ಎರಡನೇ ಮಹಡಿ ಹತ್ತಿದ.

ಎರಡನೇ ಮಹಡಿಯಲ್ಲಿದ್ದವರು ಕಲಂ ಸಾಹೇಬರು. ಮೂವತ್ತನಾಲ್ಕು ವರ್ಷ ಕೋರ್ಟಿನ ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ನಾಲ್ಕು ಮನೆಯ ಸಂಘಕ್ಕೆ ಅಧ್ಯಕ್ಷರು. ಯಾರು ಏನು ಹೇಳಿದರೂ “ಯಾವ ಕಲಮಿನ ಪ್ರಕಾರ?” ಎಂದು ಕೇಳುವುದರಿಂದ ಆ ಹೆಸರು ಬಂದಿತ್ತು. ಬರೆದದ್ದೆಂದರೆ ಅವರಿಗೆ ಪ್ರಾಣ. ಬರೆಯದೇ ಇದ್ದದ್ದು ನಡೆದಿದ್ದರೂ ನಡೆದಿಲ್ಲ. ಮನೆಯಲ್ಲಿ ಒಂಟಿ. ಓಡಾಡುವಾಗ ಕಾಲಿಗೆ ಎರಡೆರಡು ಉಣ್ಣೆಯ ಕಾಲುಚೀಲ. ಬೆಕ್ಕು ಕೂಡ ಅವರಿಗಿಂತ ಜೋರಾಗಿ ನಡೆದೀತು.

“ನನಗೂ ಮಧ್ಯಾಹ್ನದ ನಿದ್ದೆ ಹಾಳು ಕಣಯ್ಯಾ,” ಎಂದರು ಸಾಹೇಬರು. “ಆದ್ರೆ ಬಾಯಿಮಾತಿಗೆ ಬೆಲೆ ಇಲ್ಲ. ಅರ್ಜಿ ಬರಿ.”

ವಾಚಣ್ಣ ಬರೆದ. ಸ್ಕ್ರೂ ಹಾರಿದ ಗಳಿಗೆ, ಕಾರ್ಖಾನೆ ಮುಚ್ಚಿದ ವರ್ಷ, ಸ್ಟೇಷನ್ ಮಾಸ್ಟರರ ರೈಲಿನ ಸಮಯ, ಎಲ್ಲ ಬರೆದ. ಸಾಹೇಬರು ಕನ್ನಡಕ ಏರಿಸಿ ಓದಿ ತುಟಿ ಉಬ್ಬಿಸಿದರು.

“ಇದು ಅರ್ಜಿಯಲ್ಲ, ಅಳು. ಇಷ್ಟೆಲ್ಲ ಅತ್ತು, ಏನು ಬೇಕು ಅಂತ ಎಲ್ಲಿ ಹೇಳಿದ್ದೀಯ? ಪರಿಹಾರ ಏನು?”

“ಕುಣಿಯೋದು ನಿಲ್ಲಿಸ್ಬೇಕು.”

“ಯಾವ ಕಲಮಿನ ಪ್ರಕಾರ? ಅವಳ ಜೀವನೋಪಾಯ ಅದು. ನಿಲ್ಲಿಸು ಅನ್ನೋಕಾಗಲ್ಲ. ಬೇರೆ ಏನಾದ್ರೂ ಯೋಚನೆ ಮಾಡು.”

ವಾಚಣ್ಣ ಪೆನ್ನಿನ ತುದಿ ಕಚ್ಚಿ ಯೋಚಿಸಿದ. ಇಡೀ ಜೀವಮಾನದಲ್ಲಿ ಅವನು ಬರೆದದ್ದು ‘ಹೊಸ ಸ್ಪ್ರಿಂಗ್ ಹಾಕಿದೆ’ ಎಂಬಂಥ ಚೀಟಿಗಳನ್ನು ಮಾತ್ರ. ಆದರೂ ಆ ಹೊತ್ತು ಸರಸ್ವತಿ ಒಲಿದಳೆಂದೇ ಹೇಳಬೇಕು. ‘ಆದಕಾರಣ ಸದರಿ ತರಗತಿಯನ್ನು, ಕೆಳಗೆ ಯಾರ ಮನೆಯೂ ಇಲ್ಲದಂಥ ಜಾಗಕ್ಕೆ ಸ್ಥಳಾಂತರಿಸಬೇಕಾಗಿ ಪ್ರಾರ್ಥನೆ.’

ಸಾಹೇಬರು ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

“ವಾಚಣ್ಣಾ! ಈ ವಾಕ್ಯದಲ್ಲಿ ಒಂದು ತೂತಿಲ್ಲ ಕಣಯ್ಯಾ. ಇದನ್ನ ಯಾರೂ ಅಲ್ಲಾಡ್ಸೋಕಾಗಲ್ಲ.”

ಇನ್ನೊಂದು ಸಹಿಗಾಗಿ ವಾಚಣ್ಣ ಮೂರನೇ ಮಹಡಿಯ ಟೈಲರಮ್ಮನಲ್ಲಿಗೆ ಹೋದ. ಆಕೆ ತುಟಿಯ ನಡುವೆ ಐದಾರು ಗುಂಡುಸೂಜಿ ಕಚ್ಚಿಕೊಂಡು ಒಂದು ಕಾಲರನ್ನು ಕತ್ತರಿಸುತ್ತಿದ್ದಳು.

“ನಂಗೇನೂ ಕೇಳ್ಸಲ್ಲಣ್ಣಾ, ನನ್ನ ಮಿಷನ್ ಸದ್ದೇ ನಂಗೆ ಸಾಕು. ಆದ್ರೆ ಮೆಟ್ಟಿಲ ತುಂಬ ಚಪ್ಪಲಿ ಬಿಟ್ಟಿರ್ತಾರಲ್ಲ, ಹತ್ತೋಕೆ ಸರ್ಕಸ್ ಮಾಡ್ಬೇಕು. ಅದನ್ನೂ ಬರೀರಿ, ಸಹಿ ಹಾಕ್ತೀನಿ.” ಆಮೇಲೆ ಸ್ವಲ್ಪ ತಡೆದು, “ಅತ್ತಿಗೇನ ಒಂದು ಮಾತು ಕೇಳಿದ್ರಾ?” ಎಂದಳು.

“ಅವಳನ್ನೇನು ಕೇಳೋದು? ಅಂದ ಹಾಗೆ, ಎರಡು ತಿಂಗಳಿಂದ ದಿನಾ ಐದು ಗಂಟೆಗೆ ನಿಮ್ಮ ಹತ್ರ ಅಳತೆ ಕೊಡೋಕೆ ಬರ್ತಾಳಲ್ಲ, ಮುಗಿಯೋದೇ ಇಲ್ವೇನಮ್ಮಾ ಅದು?”

ಟೈಲರಮ್ಮ ಒಂದು ಗುಂಡುಸೂಜಿಯನ್ನು ಹೆಚ್ಚುಕಡಿಮೆ ನುಂಗಿದಳು.

“ಏನ್ಮಾಡ್ಲಣ್ಣಾ,” ಎಂದಳು ಕೆಮ್ಮುತ್ತ. “ಅವರ ಅಳತೆ ದಿನಾ ಬದಲಾಗ್ತಾ ಇದೆ.”

ಸಂಜೆ ಐದು ಗಂಟೆ ಐದು ನಿಮಿಷಕ್ಕೆ ಅರ್ಜಿಯನ್ನು ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡು ವಾಚಣ್ಣ ಟೀಚರ್ ಬಾಗಿಲಿಗೆ ಹೋದ. ಅರ್ಜಿ ತಲುಪಿದ್ದಕ್ಕೆ ಸಾಕ್ಷಿ ಬೇಕೆಂದು ಕಲಂ ಸಾಹೇಬರೂ ಜೊತೆಗೆ ಬಂದರು. ಬಾಗಿಲು ತೆರೆದಾಗ ಒಳಗೆ ಸಾಲಾಗಿ ನಿಂತ ಜನ. ಮುಂದೆ ಬೆಳ್ಳಗೆ, ತೆಳ್ಳಗೆ, ಹತ್ತಿಯಂಥ ದನಿಯ ಟೀಚರ್. ವಾಚಣ್ಣ ಬಾಯಿ ತೆರೆಯುವುದಕ್ಕೂ ಆಕೆ ತುಟಿಯ ಮೇಲೆ ಬೆರಳಿಡುವುದಕ್ಕೂ ಸರಿಹೋಯಿತು. ಇನ್ನೊಂದು ಕೈ ಗೋಡೆಯ ಕಡೆ ತೋರಿಸಿತು. ಅಲ್ಲಿ ಬರೆದಿತ್ತು: ‘ಈ ಗಂಟೆ ಮೌನ. ನೋಡುವವರಿಗೆ ಜಾಗವಿಲ್ಲ, ಮಾಡುವವರಿಗೆ ಮಾತ್ರ.’

ವಾಚಣ್ಣ ತಿರುಗಿ ಹೊರಡುತ್ತಿದ್ದ. ಆದರೆ ಸಾಹೇಬರು ಆಗಲೇ ಚಪ್ಪಲಿ ಬಿಚ್ಚುತ್ತಿದ್ದರು.

“ಸಾಹೇಬ್ರೇ, ಏನ್ಮಾಡ್ತಿದ್ದೀರಿ?” ಎಂದು ಪಿಸುಗುಟ್ಟಿದ.

“ಬರೆದು ಹಾಕಿದ್ದಾರೆ ಕಣಯ್ಯಾ,” ಎಂದು ಅವರೂ ಪಿಸುಗುಟ್ಟಿದರು. “ಒಂದೋ ಮಾಡ್ಬೇಕು, ಇಲ್ಲಾ ಅರ್ಜಿ ಕೊಡೋ ಹಾಗಿಲ್ಲ. ಒಂದು ಗಂಟೆ ತಾನೇ.”

ಹೀಗೆ ಸಾಹೇಬರು ಹಿಂದಿನ ಸಾಲಿನ ಎಡತುದಿಯಲ್ಲೂ ವಾಚಣ್ಣ ನಡುವಿನ ಸಾಲಿನಲ್ಲೂ ನಿಂತರು. ಪಕ್ಕದಲ್ಲಿದ್ದ ಹೆಂಗಸು ಒಂಟಿಕಾಲಲ್ಲಿ ನಿಂತು, ಇನ್ನೊಂದು ಪಾದವನ್ನು ತೊಡೆಗೆ ಒತ್ತಿ, ಎರಡೂ ಕೈಗಳನ್ನು ನೆತ್ತಿಯ ಮೇಲೆ ಜೋಡಿಸಿ ಮರದಂತಿದ್ದಳು. ವಾಚಣ್ಣ ಆ ಕಡೆ ನೋಡಿದ. ಮತ್ತೆ ನೋಡಿದ. ಮರ ಅವನ ಹೆಂಡತಿ.

ಮರದ ಮುಖ ಮುಂದಕ್ಕೇ ಇತ್ತು. ಕಣ್ಣು ಮಾತ್ರ ನಿಧಾನವಾಗಿ ಅವನ ಕಡೆ ಜಾರಿತು. ‘ಇದೇನಾ ಅಳತೆ?’ ಎಂದು ವಾಚಣ್ಣನ ಹುಬ್ಬು ಕೇಳಿತು. ‘ನೀವೇನು ಇಲ್ಲಿ?’ ಎಂದು ಅವಳ ಹುಬ್ಬು ಕೇಳಿತು. ‘ಮನೆಗೆ ನಡಿ’ ಎಂದಿತು ಅವನ ಮೂಗು. ‘ಮೊದಲು ಕಾಲೆತ್ತಿ’ ಎಂದಿತು ಅವಳ ಗಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಒಂದೂ ಮಾತಿಲ್ಲದೆ ಅವರು ಆಡಿದ ಮೊದಲ ಜಗಳ ಅದು. ಎಂದಿನಂತೆ ಅವಳೇ ಗೆದ್ದಳು.

ವಾಚಣ್ಣ ಕಾಲೆತ್ತಿದ.

ಆಶ್ಚರ್ಯವೆಂದರೆ ಅವನು ಅಲ್ಲಾಡಲಿಲ್ಲ. ನಲವತ್ತು ವರ್ಷ ಉಸಿರು ಬಿಗಿಹಿಡಿದು ಕೂದಲಿನಂಥ ಸ್ಪ್ರಿಂಗುಗಳನ್ನು ಎತ್ತಿಟ್ಟ ದೇಹ, ನಿಲ್ಲು ಎಂದರೆ ನಿಂತಿತು. ಸುತ್ತಲಿನ ಮರಗಳೆಲ್ಲ ಗಾಳಿಗೆ ಸಿಕ್ಕಂತೆ ತೂಗುತ್ತಿದ್ದಾಗ ಅವನೊಬ್ಬ ದೀಪದ ಕಂಬದ ಹಾಗೆ ನಿಂತಿದ್ದ. ಟೀಚರ್ ಹತ್ತಿರ ಬಂದು, “ಪಾದವನ್ನ ಇನ್ನೂ ಒತ್ತಿ ಅಣ್ಣಾ. ಪಾದ ಏನು ಹೇಳುತ್ತೆ ಕೇಳಿಸ್ಕೊಳ್ಳಿ,” ಎಂದು ಉಸಿರಿದಳು.

ವಾಚಣ್ಣ ಒತ್ತಿದ. ಪಾದ ‘ಚುಚ್ಚುತ್ತಿದೆ’ ಎಂದು ಹೇಳಿತು.

ಬಗ್ಗಿ ನೋಡಿದ. ಒಡೆದ ಹಿಮ್ಮಡಿಯ ಬಿರುಕಿನೊಳಗೆ, ಗುಹೆಯಲ್ಲಿ ಕೂತ ತಪಸ್ವಿಯ ಹಾಗೆ, ಥಳಥಳ ಹೊಳೆಯುತ್ತ ಕೂತಿತ್ತು ಸ್ಕ್ರೂ!

ಕೂಗಿಬಿಡುತ್ತಿದ್ದ, ಗೋಡೆಯ ಬರಹ ತಡೆಯಿತು. ಬೆಳಗಿನಿಂದ ಮನೆಯೆಲ್ಲ ಹುಡುಕಿದ್ದು ತನ್ನ ಹಿಮ್ಮಡಿಯಲ್ಲೇ ಓಡಾಡಿಕೊಂಡಿತ್ತು. ಉಗುರಿನ ತುದಿಯಿಂದ ಕಿತ್ತು, ಜೇಬಿನ ಬೆಂಕಿಪೊಟ್ಟಣಕ್ಕೆ ಹಾಕಿ, ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡ. ಅದು ಯೋಗದ ಮೇಲಿನ ಭಕ್ತಿಯೆಂದು ತಿಳಿದು ಟೀಚರ್ ತಲೆದೂಗಿದಳು.

ಆಮೇಲೆ ಎಲ್ಲರೂ ಹೆಣದಂತೆ ಅಂಗಾತ ಮಲಗಬೇಕಾಯಿತು. ಕಿವಿ ನೆಲಕ್ಕೆ ತಗುಲಿದಾಗ ವಾಚಣ್ಣನಿಗೆ ಕೆಳಗಿನ ತನ್ನ ಮನೆಯ ಗೋಡೆಗಡಿಯಾರಗಳ ಟಿಕ್ ಟಿಕ್ ಸಣ್ಣಗೆ ಕೇಳಿಸಿತು. ಇಷ್ಟು ವರ್ಷ ಕೆಳಗಿನಿಂದ ಮೇಲಕ್ಕೆ ಕೇಳಿಸಿಕೊಂಡಿದ್ದವನು ಮೊದಲ ಬಾರಿಗೆ ಮೇಲಿನಿಂದ ಕೆಳಕ್ಕೆ ಕೇಳಿಸಿಕೊಂಡ. ಏನೋ ಒಂದು ತಂಪು ಎದೆಯೊಳಗೆ ಇಳಿಯಿತು. ಅರ್ಜಿ ಎದೆಯ ಮೇಲಿನ ಜೇಬಿನಲ್ಲಿ ಉಸಿರಿನ ಜೊತೆ ಏರಿ ಇಳಿಯುತ್ತಿತ್ತು. ಕೊಡುವುದೇ ಬೇಡವೇನೋ ಎಂದೂ ಒಂದು ಗಳಿಗೆ ಅನ್ನಿಸಿತು. ಆಗ ಟೀಚರ್ ಎಲ್ಲರನ್ನೂ ಎಬ್ಬಿಸಿ ಅರೆಮಂಡಿ ಕೂರಿಸಿ, ಮಣೆಯ ಮೇಲೆ ಕೋಲು ತಟ್ಟಿದಳು.

ತೈಯಾ ತೈ. ತೈಯಾ ತೈ.

ಮಂಡಿ ಮಡಿಸಿ, ಪಾದ ಎತ್ತಿ, ನೆಲಕ್ಕೆ ಬಡಿಯಬೇಕು. ವಾಚಣ್ಣ ತನ್ನ ಸೂರನ್ನೇ ತಾನು ಬಡಿದ. ಕೆಳಗಿದ್ದಾಗ ಗುದ್ದಿನಂತೆ ಕೇಳುತ್ತಿದ್ದದ್ದು ಇಲ್ಲಿ ಗಡಿಯಾರದ ನಾಡಿಯಂತೆ ಕೇಳಿತು. ಬಲ, ಎಡ, ಬಲ, ಎಡ. ಪದ್ಯದ ಗಣ ಬಿದ್ದ ಹಾಗೆ, ಒಂದರ ಹಿಂದೊಂದು, ಸರಿಯಾಗಿ. ಆದರೆ ಎಲ್ಲೋ ಒಂದು ಕಡೆ...

ಟೀಚರ್ ಕೋಲು ನಿಲ್ಲಿಸಿದಳು. “ಮೌನ ಮುಗೀತು, ಈಗ ಮಾತಾಡ್ಬಹುದು. ಏನೋ ಸರಿಯಿಲ್ಲ ಅಲ್ವಾ? ನಿನ್ನೆವರೆಗೂ ಸರಿಯಿತ್ತು. ಎಲ್ಲಿ ತಪ್ತಿದೆ ಅಂತ ಸಿಗ್ತಿಲ್ಲ.”

ಬಾಯಿ ಮುಚ್ಚಿಕೊಂಡಿದ್ದರೆ ವಾಚಣ್ಣ ಬಚಾವಾಗುತ್ತಿದ್ದ. ಆದರೆ ತಪ್ಪಾಗಿ ನಡೆಯುವ ಗಡಿಯಾರದ ಮುಂದೆ ಅವನ ಬಾಯಿ ಎಂದೂ ಅವನ ಮಾತು ಕೇಳಿದ್ದಿಲ್ಲ.

“ಹಿಂದಿನ ಸಾಲು, ಎಡತುದಿ,” ಎಂದ, ತಿರುಗಿಯೂ ನೋಡದೆ. “ಎಡ ಹಿಮ್ಮಡಿ. ಅರೆಮಾತ್ರೆ ತಡ.”

ಎಲ್ಲರೂ ತಿರುಗಿ ನೋಡಿದರು. ಹಿಂದಿನ ಸಾಲಿನ ಎಡತುದಿಯಲ್ಲಿ ಅರೆಮಂಡಿಯಲ್ಲಿ ಬೆವರುತ್ತ ನಿಂತಿದ್ದವರು ಕಲಂ ಸಾಹೇಬರು.

“ಯಾರು ತಡ?” ಸಾಹೇಬರ ಮೀಸೆ ಅದುರಿತು. “ನಾನಾ? ಮೂವತ್ನಾಲ್ಕು ವರ್ಷ ಕೋರ್ಟಿಗೆ ಒಂದು ದಿನ, ಒಂದು ನಿಮಿಷ ತಡವಾಗಿ ಹೋದವನಲ್ಲ ನಾನು! ನನ್ನನ್ನ ನೋಡಿ ಜವಾನ ಗಂಟೆ ಹೊಡೀತಿದ್ದ!”

“ಕೋರ್ಟಿನದು ಗೊತ್ತಿಲ್ಲ ಸಾಹೇಬ್ರೇ. ಹಿಮ್ಮಡಿ ತಡ.”

ಟೀಚರ್ ಸಾಹೇಬರೊಬ್ಬರನ್ನೇ ಕುಣಿಸಿ ನೋಡಿದಳು. ತಡವೇ. ಆಕೆಯ ಮುಖ ಅರಳಿತು. “ಅಣ್ಣಾ, ಇಂಥ ಕಿವಿ ನಾನು ನೋಡೇ ಇಲ್ಲ! ಸಾಹೇಬ್ರೇ, ಮನೇಲಿ ದಿನಾ ಮುನ್ನೂರು ಸಲ ತಟ್ಬೇಕು ನೀವು. ಸರಿಯಾಯ್ತು ಅಂತ ಈ ಅಣ್ಣ ಹೇಳೋವರೆಗೂ.”

“ಬರೆದು ಕೊಡಮ್ಮಾ,” ಎಂದರು ಸಾಹೇಬರು. ಆಕೆ ಬರೆದು ಕೊಟ್ಟಳು. ಅವರು ಅದನ್ನು ಮಡಿಸಿ, ವಾಚಣ್ಣನನ್ನು ಒಮ್ಮೆ ನೋಡಿ, ಜೇಬಿಗಿಟ್ಟರು.

ವಿದ್ಯಾರ್ಥಿಗಳಿಗೆ ಹೊಲಿದ ಪೈಜಾಮಗಳ ಗಂಟು ಹೊತ್ತು ಟೈಲರಮ್ಮ ಒಳಗೆ ಬಂದಾಗ ಸಾಹೇಬರಿಗೆ ಬಂದ ಕೆಲಸದ ನೆನಪಾಯಿತು.

“ನಾಲ್ಕೂ ಮನೆಯವರು ಇದ್ದೀವಿ. ಸಂಘದ ಸಭೆ ಇಲ್ಲೇ ಆಗ್ಲಿ. ವಾಚಣ್ಣಾ, ಅರ್ಜಿ ತೆಗಿ.”

“ಇರ್ಲಿ ಬಿಡಿ ಸಾಹೇಬ್ರೇ, ಸ್ಕ್ರೂ ಸಿಕ್ತು. ಇನ್ನೇನು...”

“ಸಹಿ ಆದ ಅರ್ಜಿ ವಾಪಸ್ ತಗೊಳ್ಳೋದು ಯಾವ ಕಲಮಿನ ಪ್ರಕಾರ?”

ಅರ್ಜಿ ಓದಲ್ಪಟ್ಟಿತು. ವಾಚಣ್ಣನ ಹೆಂಡತಿಯ ಮುಖ ಮೊದಲನೇ ಕಲಮಿಗೆ ಕೆಂಪಾಯಿತು, ಎರಡನೆಯದಕ್ಕೆ ಇನ್ನೂ ಕೆಂಪಾಯಿತು. ಟೀಚರ್ ಮಾತ್ರ ಶಾಂತಳಾಗಿ ಕೇಳಿಸಿಕೊಂಡಳು.

“ನ್ಯಾಯವಾಗಿದೆ ಅಣ್ಣಾ,” ಎಂದಳು. “ನಿಮಗೆ ಇಷ್ಟು ತೊಂದರೆ ಆಗ್ತಿತ್ತು ಅಂತ ಗೊತ್ತಿರ್ಲಿಲ್ಲ. ನೀವು ಹೇಳಿದಂಥ ಜಾಗಕ್ಕೇ ಹೋಗ್ತೀನಿ. ಎಲ್ಲಿದೆ ಅದು?”

ಸಾಹೇಬರು ಎದ್ದು ನಿಂತರು. ಕೋರ್ಟಿನಲ್ಲಿ ಮೂವತ್ತನಾಲ್ಕು ವರ್ಷ ಬೇರೆಯವರ ತೀರ್ಪು ಕೇಳಿದವರ ಬಾಯಿಗೆ ಒಂದು ತೀರ್ಪು ಹೇಳುವ ಯೋಗ ಒದಗಿತ್ತು.

“ಅರ್ಜಿದಾರ ಕೇಳಿರೋದು, ಕೆಳಗೆ ಯಾರ ಮನೆಯೂ ಇಲ್ಲದ ಜಾಗ. ಈ ಕಟ್ಟಡದಲ್ಲಿ ಕೆಳಗೆ ಮನೆ ಇಲ್ಲದ ಜಾಗ ಒಂದೇ ಒಂದು. ಅರ್ಜಿದಾರನ ಮನೆಯದೇ ಹಾಲು. ಅಲ್ಲಿಗೆ ಹತ್ತೋಕೆ ಮೆಟ್ಟಿಲಿಲ್ಲ, ಆದ್ರಿಂದ ಚಪ್ಪಲಿ ತಕರಾರೂ ಇಲ್ಲ. ಅರ್ಜಿ ಪೂರ್ತಿಯಾಗಿ ಮಂಜೂರಾಗಿದೆ. ಅಭಿನಂದನೆ ಕಣಯ್ಯಾ.”

ವಾಚಣ್ಣ ಅರ್ಜಿ ಕಿತ್ತುಕೊಳ್ಳಲು ಕೈ ಚಾಚಿದ. “ಅಲ್ಲ ಸಾಹೇಬ್ರೇ, ನನ್ನ ಬೆಂಚು? ನನ್ನ ಕೆಲಸ?”

“ಅದಕ್ಕೇನ್ರೀ,” ಎಂದಳು ಹೆಂಡತಿ, ಬಹಳ ದಿನದಿಂದ ಯೋಚಿಸಿಟ್ಟಿದ್ದವಳ ಹಾಗೆ. “ಟೀಚರ್ ಹಾಲು ಖಾಲಿ ಆಗುತ್ತಲ್ಲ. ಬೆಂಚು ಇಲ್ಲಿಗೆ ತನ್ನಿ. ನಂಗೂ ಮೆಟ್ಟಿಲು ಹತ್ತೋದು ತಪ್ಪುತ್ತೆ.”

ವಾದಿಸಲೆಂದು ಬಾಯಿ ತೆರೆದ ವಾಚಣ್ಣ ಹಾಗೇ ನಿಂತ. ಬೆಂಚು ಮೇಲೆ, ಕುಣಿತ ಕೆಳಗೆ. ಅಂದರೆ ತಲೆಯ ಮೇಲೆ ಯಾರು? ಕಲಂ ಸಾಹೇಬರು! ಎರಡೆರಡು ಉಣ್ಣೆಯ ಕಾಲುಚೀಲದ, ಬೆಕ್ಕಿಗಿಂತ ಮೆತ್ತನೆಯ ಸಾಹೇಬರು! ಇಷ್ಟು ವರ್ಷ ಬೇಡಿದ ಮೌನ ಇಪ್ಪತ್ತು ಮೆಟ್ಟಿಲ ಮೇಲೆ ಕಾದು ಕೂತಿತ್ತು. ಉಕ್ಕಿದ ಸಂತೋಷವನ್ನು ಕಷ್ಟಪಟ್ಟು ನುಂಗಿ, ಮುಖ ಸಣ್ಣ ಮಾಡಿಕೊಂಡು, “ಎಲ್ಲರ ಇಷ್ಟದಂತೆ ಆಗ್ಲಿ,” ಎಂದ. “ಆದ್ರೆ ಈಗ್ಲೇ ಆಗ್ಬೇಕು. ಎಂಟಕ್ಕೆ ಗಿರಾಕಿ ಬರ್ತಾರೆ.”

ಇಪ್ಪತ್ತು ಜನ ವಿದ್ಯಾರ್ಥಿಗಳಿದ್ದರು. ಬೆಂಚು ಐದು ನಿಮಿಷದಲ್ಲಿ ಮೇಲೆ ಬರಬೇಕಿತ್ತು. ಆದರೆ ಟೀಚರ್ ಅದನ್ನೂ ಪಾಠ ಮಾಡಿದಳು. “ಅರಿವಿನಿಂದ ಹೊರಿ. ಉಸಿರು ತಗೊಳ್ಳುವಾಗ ಪಾದ ಎತ್ತಿ, ಬಿಡುವಾಗ ಇಡಿ. ಭಾರ ಎಲ್ಲಿದೆ ಗಮನಿಸಿ.” ಭಾರ ಎಲ್ಲಿದೆಯೆ‌ಂದು ಗಮನಿಸುತ್ತ ಅವರು ಒಂದೊಂದು ಮೆಟ್ಟಿಲಿಗೆ ಎರಡೆರಡು ನಿಮಿಷ ನಿಂತರು. ಬೆಂಚಿನ ಹಿಂದೆ ಗಡಿಯಾರವನ್ನು ಹಸುಗೂಸಿನಂತೆ ಎದೆಗವಚಿಕೊಂಡು ವಾಚಣ್ಣ ಹತ್ತಿದ. ಬೆಂಚು ಕಿಟಕಿಯ ಪಕ್ಕ ಕೂತು, ದೀಪ ಹತ್ತಿ, ಟೀಚರ್ ಕೆಳಗಿನ ಹಾಲನ್ನು ನೋಡಲು ಎಲ್ಲರನ್ನೂ ಕರೆದುಕೊಂಡು ಇಳಿದು ಹೋದಾಗ ಏಳು ಗಂಟೆ ಇಪ್ಪತ್ತೆಂಟು ನಿಮಿಷ.

ಒಂದು ಸ್ಕ್ರೂ. ಅರ್ಧ ಗಂಟೆ. ಧಾರಾಳ ಸಾಕು.

ವಾಚಣ್ಣ ಕೂತ. ಸದ್ದಿಲ್ಲ. ಎಷ್ಟು ಸದ್ದಿಲ್ಲವೆಂದರೆ, ತನ್ನ ಕಣ್ಣಿನ ರೆಪ್ಪೆ ಭೂತಗನ್ನಡಿಗೆ ತಾಗುವುದೂ ಕೇಳುತ್ತಿತ್ತು. ಸಂಜೆ ಕಲಿತ ಹಾಗೆ ಉಸಿರು ತೆಗೆದುಕೊಂಡು ನಿಧಾನವಾಗಿ ಬಿಟ್ಟ. ಬೆಂಕಿಪೊಟ್ಟಣ ತೆರೆದ. ಚಿಮಟದಿಂದ ಸ್ಕ್ರೂ ಎತ್ತಿದ. ಕೈ ಕಲ್ಲಿನಂತಿತ್ತು. ಇನ್ನೇನು ತೂಗುಚಕ್ರದ ಮೇಲಿನ ತೂತಿಗೆ ಇಳಿಸಬೇಕು...

ದಡ್. ...ದಡ್.

ದೀಪ ನಡುಗಿತು. ಬೆಂಚು ನಡುಗಿತು. ವಾಚಣ್ಣ ಇನ್ನೊಂದು ಅಂಗೈಯನ್ನು ಚಿಮಟದ ಕೆಳಗೆ ಹಿಡಿದು ಸೂರಿನ ಕಡೆ ನೋಡಿದ.

ದಡ್. ...ದಡ್. ಬಲ ಹಿಮ್ಮಡಿ ಸರಿಯಾದ ಹೊತ್ತಿಗೆ. ಎಡ ಹಿಮ್ಮಡಿ ಅರೆಮಾತ್ರೆ ತಡ.

ಸ್ಕ್ರೂವನ್ನು ಪೊಟ್ಟಣದಲ್ಲಿ ಮುಚ್ಚಿಟ್ಟು ಕಿಟಕಿಯಿಂದ ತಲೆ ಹೊರಗೆ ಹಾಕಿದ. “ಸಾಹೇಬ್ರೇ! ಏನಿದು?”

ಮೇಲಿನ ಕಿಟಕಿಯಿಂದ ಬೆವರಿದ ಮೀಸೆ ಕಾಣಿಸಿತು. ಕಾಲುಚೀಲಗಳು ಕಿಟಕಿಯ ಸರಳಿನ ಮೇಲೆ ಒಣಗುತ್ತಿದ್ದವು. “ಗೃಹಪಾಠ! ಮುನ್ನೂರರಲ್ಲಿ ಹನ್ನೆರಡಾಗಿದೆ.”

“ಅರ್ಜಿ ಕೊಟ್ಟದ್ದು ಯಾಕೆ ಮತ್ತೆ?”

“ಅರ್ಜಿಯಲ್ಲಿ ನೀನು ಬರೆದಿರೋದು ‘ಸದರಿ ತರಗತಿ’ ಅಂತ. ಇದು ತರಗತಿ ಅಲ್ಲ, ಮನೇಲಿ ಒಬ್ಬನೇ ಮಾಡೋ ಅಭ್ಯಾಸ. ಓದಿ ನೋಡ್ಕೋ.”

“ನಾಳೆ ಮಾಡಿ ಸಾಹೇಬ್ರೇ, ನಿಮ್ಮ ಕಾಲಿಗೆ ಬೀಳ್ತೀನಿ! ಅರ್ಧ ಗಂಟೆ ಬಿಟ್ಟುಕೊಡಿ ಸಾಕು.”

“ಇಪ್ಪತ್ತು ಜನರ ಮುಂದೆ ನನ್ನನ್ನ ತಡ ಅಂದಿದ್ದೀಯ. ಮೂವತ್ನಾಲ್ಕು ವರ್ಷದ ಮರ್ಯಾದೆ ಕಣಯ್ಯಾ. ನಾಳೆವರೆಗೆ ಇಟ್ಕೊಂಡು ಮಲಗೋಕಾಗುತ್ತಾ? ಬರೆದು ಕೊಟ್ಟಿದ್ದಾಳೆ, ನೀನು ಸರಿ ಅನ್ನೋವರೆಗೆ ಅಂತ. ನೀನು ಸರಿ ಅನ್ನು, ಈ ಗಳಿಗೆ ನಿಲ್ಲಿಸ್ತೀನಿ.”

ಮೀಸೆ ಒಳಗೆ ಹೋಯಿತು.

ವಾಚಣ್ಣ ಬಂದು ಕೂತ. ಬಡಿತದ ನಡುವಿನ ಬಿಡುವಿನಲ್ಲಿ ಸ್ಕ್ರೂ ಇಳಿಸಲು ನೋಡಿದ. ಹೆಜ್ಜೆ ಕ್ರಮವಾಗಿ ಬಿದ್ದಿದ್ದರೆ ಅದೂ ಆಗುತ್ತಿತ್ತು. ಲಯ ಹಿಡಿದು, ಎರಡು ಏಟಿನ ನಡುವೆ ಕೈ ಚಾಚಬಹುದಿತ್ತು. ಆದರೆ ಈ ಎಡ ಹಿಮ್ಮಡಿಗೆ ತಾನು ಯಾವಾಗ ಬೀಳುವೆನೆಂದು ತನಗೇ ಗೊತ್ತಿರಲಿಲ್ಲ. ಏಳೂ ನಲವತ್ತು. ಏಳೂ ನಲವತ್ತೈದು. ಐವತ್ತು.

ಕೆಳಗಿನಿಂದ ಹೆಂಡತಿಯ ದನಿ ಮೆಟ್ಟಿಲೇರಿ ಬಂತು. “ರೀ! ಸ್ಟೇಷನ್ ಮಾಸ್ಟರ್ ಬಂದಿದ್ದಾರೆ. ಗಾಡಿ ನಿಲ್ಲಿಸ್ಕೊಂಡಿದ್ದಾರಂತೆ. ಆಯ್ತಾ ಅಂತ ಕೇಳ್ತಿದ್ದಾರೆ!”

ಮೇಲೆ ಬಡಿತ ನಿಂತಿತು. ಸಾಹೇಬರ ಏದುಸಿರಿನ ದನಿ ಇಳಿದು ಬಂತು. “ವಾಚಣ್ಣಾ, ಈಗ ಕೇಳಿದ್ಯಾ? ಈ ಸಲದ್ದು? ಸರಿಯಾಯ್ತು ತಾನೇ?”

ಚಿಮಟದ ತುದಿಯಲ್ಲಿ ಸ್ಕ್ರೂ ಹೊಳೆಯುತ್ತಿತ್ತು. ಒಂದೇ ಒಂದು ‘ಸರಿ’. ಅಷ್ಟು ಹೇಳಿದರೆ ಮೌನ, ಸ್ಕ್ರೂ ಕೂರುತ್ತದೆ, ಗಡಿಯಾರದ ಕರುಳು ಉಳಿಯುತ್ತದೆ, ರೈಲಿಗೂ ಹೊತ್ತಾಗುವುದಿಲ್ಲ. ವಾಚಣ್ಣ ಕಣ್ಣು ಮುಚ್ಚಿದ. ಆ ಸಲದ ಏಟು ಕಿವಿಯಲ್ಲಿ ಇನ್ನೂ ಇತ್ತು. ಮೊದಲಿಗಿಂತ ಎಷ್ಟೋ ವಾಸಿ. ಬಹಳ ವಾಸಿ. ಉಳಿದ ತಪ್ಪು ಕೂದಲೆಳೆಯಷ್ಟು. ಬಾಯಿ ತೆರೆದ.

“ಇಲ್ಲ,” ಎಂದಿತು ಬಾಯಿ. “ಇನ್ನೂ ಒಂಚೂರು ತಡ.”

ಮೇಲೆ ಸಾಹೇಬರು, ಹಲ್ಲು ಕಚ್ಚಿ, ಹದಿಮೂರು ವರ್ಷದ ಹುಡುಗನ ಹುರುಪಿನಲ್ಲಿ ಎಡಗಾಲೆತ್ತಿ ಬಡಿದರು. ಏಳು ಗಂಟೆ ಐವತ್ತೆರಡು ನಿಮಿಷಕ್ಕೆ, ಎಳ್ಳುಕಾಳಿಗಿಂತ ಚಿಕ್ಕದಾದ ಆ ಸ್ಕ್ರೂ ಚಿಮಟದ ತುದಿಯಿಂದ ಹಾರಿಹೋಯಿತು.

ವಾಚಣ್ಣ ಬರೀ ಚಿಮಟವನ್ನು ಬೆಂಚಿನ ಮೇಲಿಟ್ಟ. ಆಮೇಲೆ ಮೆಲ್ಲಗೆ ಎದ್ದು, ಗೋಡೆ ಹಿಡಿದುಕೊಂಡು, ಒಂಟಿಕಾಲಲ್ಲಿ ನಿಂತು, ತನ್ನ ಹಿಮ್ಮಡಿಯನ್ನು ತಿರುಗಿಸಿ ನೋಡಿಕೊಂಡ.